ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯ ಕೂಡಿಡುವುದು ಹೇಗೆ: ಅರ್ಧ ಡಾಲರಿನಿಂದ ಶುರು ಮಾಡಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ, ಊರಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದ ಅಮ್ಮ ಮನೆಯ ಬೆಳ್ಳಿಯನ್ನೆಲ್ಲ ಬೆಳಗಿ, ಅಡುಗೆಮನೆ ಕಟ್ಟೆಯ ಮೇಲೆ ಹಳೇ ಪಂಚೆ ಹಾಸಿ ಸಾಲಾಗಿ ಜೋಡಿಸಿದ್ದಳು. ದೀಪ, ಕುಂಕುಮದ ಬಟ್ಟಲು, ಪಂಚಪಾತ್ರೆ, ಉದ್ಧರಣೆ. ಸಾಲಿನ ಕೊನೆಯಲ್ಲಿ ಪಳಪಳ ಹೊಳೆಯುವ ಒಂದು ನಾಣ್ಯ. ಕೊಲಂಬಸ್‌ನ ನೆನಪಿಗೆ ಅಮೆರಿಕ ಹೊರತಂದ ನನ್ನ 1893ರ ಕೊಲಂಬಿಯನ್ ಅರ್ಧ ಡಾಲರು! ಬೆಳಿಗ್ಗೆ ಮೇಜಿನ ಮೇಲೆ ಬಿಟ್ಟುಹೋದಾಗ ಅದರ ಅಂಚಿನಲ್ಲಿ ನೇರಳೆ, ನಡುವೆ ಮಾಸಲು ಬಂಗಾರದ ಬಣ್ಣವಿತ್ತು.

"ಕಪ್ಪು ಹಿಡಿದಿತ್ತಲ್ಲೋ, ಲಕ್ಷ್ಮಿ ಮುಂದೆ ಹಾಗೇ ಇಡೋಕಾಗುತ್ತಾ? ವಿಭೂತಿ ಹಾಕಿ ತಿಕ್ಕಿದೆ, ನೋಡು ಹೆಂಗೆ ಬಂತು" ಅಂದಳು ಅಮ್ಮ.

ಹಟಕ್ಕೆ ಬಿದ್ದು ಅದನ್ನು ಗ್ರೇಡಿಂಗ್‌ಗೆ, ಅಂದರೆ ನಾಣ್ಯ ಪರೀಕ್ಷಿಸಿ ಅಂಕ ಕೊಡುವ ಸಂಸ್ಥೆಗೆ, ಕಳಿಸಿದೆ. ಅಂಕ ಸಿಗಲಿಲ್ಲ, "ತೊಳೆದದ್ದು" ಎಂಬ ಷರಾ ಹೊತ್ತು ವಾಪಸ್ ಬಂತು. ಈ ಹವ್ಯಾಸಕ್ಕೆ ಇಳಿಯುವ ಕನ್ನಡಿಗರಿಗೆ ನಾನು ಮೊದಲು ಹೇಳುವುದು ಅದಕ್ಕೇ: ಬೆಳ್ಳಿ ಕಂಡರೆ ಬೆಳಗಬೇಕು ಅನ್ನುವ ನಮ್ಮ ಕೈಚಾಳಿಯನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ. ವಿಭೂತಿ, ಹುಣಸೆಹಣ್ಣು, ಅಂಟುವಾಳ, ಟೂತ್‌ಪೇಸ್ಟ್ ಯಾವುದೂ ಬೇಡ. ನಾಣ್ಯಕ್ಕೆ ನೀವು ಕೊಡುವ ದುಡ್ಡಿನ ಬಹುಪಾಲು ಅದರ ಮೇಲ್ಮೈಗೆ. ತಿಕ್ಕಿದರೆ ಅದೇ ಹೋಗುತ್ತದೆ.

ಮೊದಲ ಹೆಜ್ಜೆ: ಏನನ್ನು ಹುಡುಕುತ್ತಿದ್ದೀರಿ ತಿಳಿಯಿರಿ

ನಾವು ಹುಡುಕುವುದು ಸ್ಮರಣಾರ್ಥ ನಾಣ್ಯ, ಅಂದರೆ ಯಾವುದೋ ವ್ಯಕ್ತಿಯ, ಘಟನೆಯ ನೆನಪಿಗೆ ಹೊಡೆದದ್ದು. ಅಮೆರಿಕದ ಇಂಥ ನಾಣ್ಯಗಳಲ್ಲಿ ಎರಡು ಕಾಲಘಟ್ಟ. 1892ರಿಂದ 1954ರವರೆಗಿನದು ಹಳೆಯದು. ನಡುವೆ ಸುಮಾರು ಮೂರು ದಶಕ ಖಾಲಿ. ಮತ್ತೆ 1982ರಲ್ಲಿ ಜಾರ್ಜ್ ವಾಷಿಂಗ್ಟನ್‌ನ 250ನೇ ಜನ್ಮವರ್ಷದ ಅರ್ಧ ಡಾಲರಿನಿಂದ ಹೊಸದು ಶುರು. ನಾನು ಹೇಳಹೊರಟಿರುವುದು ಹಳೆಯವುಗಳ ಮಾತು.

ಬೆಳ್ಳಿಯಲ್ಲಿ ಒಟ್ಟು 50 ಬಗೆ. 48 ಅರ್ಧ ಡಾಲರು, ಒಂದು ಕಾಲು ಡಾಲರು (1893ರ ಇಸಬೆಲ್ಲಾ), ಒಂದು ಪೂರ್ತಿ ಡಾಲರು (1900ರ ಲಾಫಯೆಟ್). ವರ್ಷ, ಟಂಕಸಾಲೆ, ಸಣ್ಣಪುಟ್ಟ ವ್ಯತ್ಯಾಸಗಳನ್ನೆಲ್ಲ ಎಣಿಸಿದರೆ 144 ಆಗುತ್ತದೆ. ಆ 144ರ ಗೊಡವೆಗೆ ಹೋಗಬೇಡಿ. ಅದರಲ್ಲಿ ಅರ್ಧಕ್ಕರ್ಧ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತದೆ, ಬದಲಾಗುವುದು ಇಸವಿ ಮತ್ತು ಅಕ್ಷರ ಮಾತ್ರ. ಡಿ ಅಂದರೆ ಡೆನ್ವರ್, ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ, ಅಕ್ಷರವಿಲ್ಲದಿದ್ದರೆ ಫಿಲಡೆಲ್ಫಿಯ.

ಇವು ಹುಟ್ಟಿದ್ದು ಚಂದಾ ಎತ್ತಲು. ಸ್ಮಾರಕ ಕಟ್ಟಬೇಕು, ಉತ್ಸವ ಮಾಡಬೇಕು ಎಂದು ಒಂದು ಸಮಿತಿ ಹುಟ್ಟಿಕೊಳ್ಳುತ್ತದೆ, ಕಾಂಗ್ರೆಸ್ಸಿನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ಮಸೂದೆ ಪಾಸು ಮಾಡಿಸಿಕೊಳ್ಳುತ್ತದೆ. ಟಂಕಸಾಲೆಯಿಂದ ಮುಖಬೆಲೆಗೆ ಅಂದರೆ ಅರ್ಧ ಡಾಲರಿಗೆ ತಂದು, ಒಂದು ಡಾಲರಿಗೋ ಎರಡು ಡಾಲರಿಗೋ ಜನರಿಗೆ ಮಾರುತ್ತದೆ. ಲಾಭ ಸ್ಮಾರಕಕ್ಕೆ. ಮಾರಾಟವಾಗದೆ ಉಳಿದದ್ದು ಕರಗಲು ಟಂಕಸಾಲೆಗೆ ವಾಪಸ್, ಇಲ್ಲವೇ ಮುಖಬೆಲೆಗೆ ಸಂತೆಗೆ. ಈ ಹಿನ್ನೆಲೆ ತಿಳಿದಿದ್ದರೆ ಯಾವ ನಾಣ್ಯ ಏಕೆ ಅಗ್ಗ, ಯಾವುದು ಏಕೆ ತುಟ್ಟಿ ಎಂಬುದರ ಅರ್ಧ ಗುಟ್ಟು ತಿಳಿದಂತೆ.

ಎರಡನೇ ಹೆಜ್ಜೆ: ಕೊಲಂಬಸ್‌ನಿಂದ ಶುರು ಮಾಡಿ

ಮೊದಲ ನಾಣ್ಯ ಯಾವುದು ಅಂತ ಯಾರಾದರೂ ಕೇಳಿದರೆ ನನ್ನದು ಒಂದೇ ಉತ್ತರ, ಕೊಲಂಬಿಯನ್ ಅರ್ಧ ಡಾಲರು. 1892ರದ್ದು 9,50,000, 1893ರದ್ದು ಹದಿನೈದು ಲಕ್ಷಕ್ಕೂ ಹೆಚ್ಚು ಉಳಿದುಕೊಂಡಿವೆ ಎಂಬುದು ಟಂಕಸಾಲೆಯ ಲೆಕ್ಕ. ಶಿಕಾಗೋದ ಜಾಗತಿಕ ಮೇಳಕ್ಕೆಂದು ಹೊಡೆದದ್ದು, ಮೇಳದಲ್ಲಿ ಒಂದು ಡಾಲರಿಗೆ ಮಾರಿದರು. ಮೊದಲನೇ ನಾಣ್ಯವನ್ನು ರೆಮಿಂಗ್ಟನ್ ಟೈಪ್‌ರೈಟರ್ ಮಾರುತ್ತಿದ್ದ ಕಂಪನಿ 10,000 ಡಾಲರು ಕೊಟ್ಟು ಕೊಂಡಿತು, ಅದೂ ಜಾಹೀರಾತಿನ ಲೆಕ್ಕಾಚಾರವೇ. ಜನಸಾಮಾನ್ಯರು ಅಷ್ಟು ಉತ್ಸಾಹ ತೋರಿಸಲಿಲ್ಲ. ಐವತ್ತು ಸೆಂಟಿನದಕ್ಕೆ ನೂರು ಸೆಂಟು ಯಾಕೆ ಕೊಡಬೇಕು ಅಂದರು. ಉಳಿದವು ಚಲಾವಣೆಗೆ ಬಿದ್ದು ದಿನಸಿ ಅಂಗಡಿಗಳಲ್ಲಿ ಸವೆದವು. ಹಾಗಾಗಿ ಸವೆದ ಕೊಲಂಬಿಯನ್ ಇವತ್ತಿಗೂ ಬೆಳ್ಳಿಯ ಬೆಲೆಗಿಂತ ತುಸುವೇ ಹೆಚ್ಚಿಗೆ ಸಿಗುತ್ತದೆ.

ನನಗೆ ಇದರ ಮೇಲೆ ಮೋಹ ಬೇರೆ ಕಾರಣಕ್ಕೆ. ಭಾರತಕ್ಕೆಂದು ಹೊರಟು ದಾರಿ ತಪ್ಪಿದವನ ಮುಖ ಅಮೆರಿಕದ ಮೊಟ್ಟಮೊದಲ ಸ್ಮರಣಾರ್ಥ ನಾಣ್ಯದ ಮೇಲಿದೆ. ಅದನ್ನು ಮಾರಿದ ಅದೇ ಮೇಳದ ಅಂಗವಾಗಿ 1893ರ ಸೆಪ್ಟೆಂಬರಿನಲ್ಲಿ ಸರ್ವಧರ್ಮ ಸಮ್ಮೇಳನ ನಡೆಯಿತು. ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ವಿವೇಕಾನಂದರು ಅಲ್ಲಿ ಮಾತಾಡಿದರು. ಸಭಿಕರಲ್ಲಿ ಕೆಲವರ ಜೇಬಿನಲ್ಲಾದರೂ ಈ ನಾಣ್ಯ ಇದ್ದಿರಬೇಕು. ಅದು ನನ್ನ ಊಹೆ, ಆದರೆ ಅಂಗೈಯಲ್ಲಿಟ್ಟುಕೊಂಡಾಗ ಬಿಡಲಾಗದ ಊಹೆ.

ಮೂರನೇ ಹೆಜ್ಜೆ: ಒಂದು ದಾರ ಹಿಡಿಯಿರಿ

ಕೊಲಂಬಸ್ ಆದ ಮೇಲೆ ಸಿಕ್ಕಿದ್ದನ್ನೆಲ್ಲ ಕೊಳ್ಳುವ ಚಪಲ ಬರುತ್ತದೆ. ಅಲ್ಲಿ ತಡೆದು, ನಾಲ್ಕೈದು ನಾಣ್ಯಗಳ ಒಂದು ಸಣ್ಣ ಗುಂಪು ಆರಿಸಿಕೊಳ್ಳಿ.

ಅಮೆರಿಕದಲ್ಲಿ ನೀವಿರುವ ರಾಜ್ಯವೇ ಒಳ್ಳೆಯ ದಾರ. ಕ್ಯಾಲಿಫೋರ್ನಿಯಾದಲ್ಲಿರುವ ನಾನು ಹಾಗೇ ಮಾಡಿದೆ. ಸ್ಯಾನ್ ಫ್ರಾನ್ಸಿಸ್ಕೊದ ಮೇಳಕ್ಕೆ ಹೊಡೆದ 1915ರ ಪನಾಮಾ-ಪೆಸಿಫಿಕ್, 1925ರ ಕ್ಯಾಲಿಫೋರ್ನಿಯಾ ವಜ್ರ ಮಹೋತ್ಸವ, 1935 ಅಥವಾ 1936ರ ಸ್ಯಾನ್ ಡಿಯಾಗೊ, ಸ್ಯಾನ್ ಫ್ರಾನ್ಸಿಸ್ಕೊ-ಓಕ್‌ಲ್ಯಾಂಡ್ ಸೇತುವೆಯ 1936ರ ಬೇ ಬ್ರಿಜ್. ನಾಲ್ಕರಲ್ಲಿ ಪನಾಮಾ ಒಂದೇ ತುಟ್ಟಿ, ಉಳಿದಿರುವುದು 27,134 ಮಾತ್ರ. ಬೇ ಬ್ರಿಜ್ ನಾಣ್ಯದ ಒಂದು ಕಡೆ ಗ್ರಿಜ್ಲಿ ಕರಡಿ, ಇನ್ನೊಂದು ಕಡೆ ಸೇತುವೆ. ಕಾರಿನಿಂದ ಇಳಿಯದೆ ಕೊಳ್ಳಲಿ ಎಂದು ಸೇತುವೆಯ ಬಳಿ ಗೂಡಂಗಡಿ ಹಾಕಿ ಮಾರಿದ್ದರಂತೆ. ದಿನಾ ಅದೇ ಸೇತುವೆಯ ಟ್ರಾಫಿಕ್ಕಿನಲ್ಲಿ ಒದ್ದಾಡುವ ನಮ್ಮವರಿಗೆ ತೋರಿಸಿದರೆ ತಕ್ಷಣ ಅರ್ಥವಾಗುವ ನಾಣ್ಯ ಇದು.

ಇನ್ನೊಂದು ದಾರ, ಬದುಕಿರುವಾಗಲೇ ನಾಣ್ಯದ ಮೇಲೆ ಬಂದವರು. 1921ರ ಅಲಬಾಮಾದಲ್ಲಿ ಗವರ್ನರ್ ಕಿಲ್ಬಿ ಮೊದಲಿಗ. 1926ರಲ್ಲಿ ಅಧ್ಯಕ್ಷ ಕೂಲಿಜ್. 1936ರಲ್ಲಿ ಸೆನೆಟರ್‌ಗಳಾದ ಕಾರ್ಟರ್ ಗ್ಲಾಸ್ ಮತ್ತು ಜೋಸೆಫ್ ರಾಬಿನ್ಸನ್. ನಾಲ್ಕೇ ನಾಣ್ಯ, ಆದರೆ ಮುಂದೆ ಇಟ್ಟುಕೊಂಡು ಒಂದು ಸಂಜೆ ಹರಟಬಹುದು.

ಕಡಿಮೆ ಖರ್ಚಿನ ದಾರ ಬೇಕೆಂದರೆ ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ (1946ರಿಂದ 1951) ಮತ್ತು ಅವರ ಜೊತೆ ಕೃಷಿವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಇರುವ ಕಾರ್ವರ್-ವಾಷಿಂಗ್ಟನ್ (1951ರಿಂದ 1954). ಅಮೆರಿಕದ ನಾಣ್ಯದ ಮೇಲೆ ಬಂದ ಮೊದಲ ಕಪ್ಪು ವರ್ಣೀಯ ಬುಕರ್ ವಾಷಿಂಗ್ಟನ್. ಎರಡನ್ನೂ ರೂಪಿಸಿದ ಐಸಾಕ್ ಹ್ಯಾಥವೇ ಕೂಡ ಕಪ್ಪು ವರ್ಣೀಯ ಶಿಲ್ಪಿ, ಅಮೆರಿಕದ ನಾಣ್ಯ ವಿನ್ಯಾಸ ಮಾಡಿದವರಲ್ಲಿ ಮೊದಲಿಗ. ಇತಿಹಾಸದ ತೂಕಕ್ಕೆ ಹೋಲಿಸಿದರೆ ಬೆಲೆ ಏನೇನೂ ಅಲ್ಲ. ವ್ಯಾಪಾರಿಗಳು ಇವನ್ನು ಡಬ್ಬಿಯ ತಳದಲ್ಲಿ ಹಾಕಿಟ್ಟಿರುತ್ತಾರೆ, ಕೇಳಿ ತೆಗೆಸಿ.

ನಾಲ್ಕನೇ ಹೆಜ್ಜೆ: ಬೆಳ್ಳಿಯ ಲೆಕ್ಕ ಬಾಯಿಪಾಠ ಮಾಡಿ

ಅರ್ಧ ಡಾಲರಿನ ತೂಕ 12.5 ಗ್ರಾಂ, ಶೇಕಡಾ 90 ಬೆಳ್ಳಿ. ಅಂದರೆ 11.25 ಗ್ರಾಂ ಅಪ್ಪಟ ಬೆಳ್ಳಿ. ಆ ದಿನದ ಗ್ರಾಂ ಬೆಲೆಯಿಂದ ಗುಣಿಸಿದರೆ ಸಿಗುವುದೇ ನೆಲಮಟ್ಟ. ಅದಕ್ಕಿಂತ ಗಣನೀಯವಾಗಿ ಕಡಿಮೆಗೆ ಯಾರಾದರೂ ಮಾರುತ್ತಿದ್ದರೆ ನಾಣ್ಯ ನಕಲಿ, ಇಲ್ಲವೇ ಕದ್ದ ಮಾಲು. ಧರ್ಮಕ್ಕೆ ಬೆಳ್ಳಿ ಹಂಚುವವರನ್ನು ನಾನಂತೂ ಈವರೆಗೆ ಕಂಡಿಲ್ಲ.

ನೆಲಮಟ್ಟದ ಮೇಲಿನದೆಲ್ಲ ಹವ್ಯಾಸಿಗಳ ಬೆಲೆ, ಅದು ಏರಿಳಿಯುತ್ತದೆ. 1936ರಲ್ಲಿ ಒಮ್ಮೆ ಹುಚ್ಚು ಹಿಡಿದಿತ್ತು. ಆ ಇಸವಿ ಹೊತ್ತ ಹೊಸ ಬಗೆಗಳೇ ಹದಿನೈದು ದಾಟುತ್ತವೆ. ಸಿನ್ಸಿನಾಟಿಯ ಸಂಗೀತದ ನೆಪದಲ್ಲಿ ಮೂರು ಟಂಕಸಾಲೆಗಳಿಂದ ತಲಾ ಐದು ಸಾವಿರ ಚಿಲ್ಲರೆ ಹೊಡೆಸಿ, ಮೂರರ ಸೆಟ್ಟನ್ನು 7.75 ಡಾಲರಿಗೆ ಮಾರಿದರು. ಮುಖಬೆಲೆ ಒಂದೂವರೆ ಡಾಲರು! ಇಂಥ ಆಟ ಅತಿಯಾದದ್ದಕ್ಕೇ 1939ರಲ್ಲಿ ಕಾಂಗ್ರೆಸ್ ಅದುವರೆಗೆ ಒಪ್ಪಿದ್ದ ಸರಣಿಗಳಿಗೆಲ್ಲ ತೆರೆ ಎಳೆಯಿತು. 1989ರ ಸುಮಾರಿಗೆ ಮತ್ತೊಮ್ಮೆ ಹೂಡಿಕೆಯ ಜ್ವರ ಬಂತು, ಬಿಟ್ಟಿತು. ಆಗಿನ ಬೆಲೆಯನ್ನು ಎಷ್ಟೋ ನಾಣ್ಯಗಳು ಇನ್ನೂ ಮುಟ್ಟಿಲ್ಲ. ಮಗಳ ಮದುವೆಗೆ ಅಂತ ಇದರಲ್ಲಿ ದುಡ್ಡು ಹಾಕುವವರಿಗೆ ನಾನು ಹೇಳುವುದು, ಬೇಡ ಮಾರಾಯರೇ, ಅದಕ್ಕೆ ಬೇರೆ ದಾರಿಗಳಿವೆ.

ಐದನೇ ಹೆಜ್ಜೆ: ಕಣ್ಣು ಪಳಗಿಸಿ

ಇದಕ್ಕೆ ಹೆಚ್ಚು ಸಮಯ ಕೊಡಿ. ಬೇಕಾಗುವುದು ಒಂದು ಮೇಜುದೀಪ, ಐದು ಅಥವಾ ಏಳು ಪಟ್ಟು ಹಿಗ್ಗಿಸುವ ಲೂಪ್, ಮೆತ್ತನೆಯ ಬಟ್ಟೆ ಹಾಸಿದ ಮೇಜು. ನಾಣ್ಯ ಹಿಡಿಯುವುದು ಅಂಚಿನಲ್ಲಿ, ಹೆಬ್ಬೆರಳು ತೋರುಬೆರಳಿನ ನಡುವೆ. ಮುಖದ ಮೇಲೆ ಬೆರಳು ಇಟ್ಟಿರೋ, ಕೆಲವು ತಿಂಗಳಲ್ಲಿ ನಿಮ್ಮ ಹೆಬ್ಬೆಟ್ಟು ಅಲ್ಲಿ ಖಾಯಂ ಆಗಿ ಮೂಡಿ ನಿಲ್ಲುತ್ತದೆ.

ದೀಪದ ಕೆಳಗೆ ನಾಣ್ಯವನ್ನು ನಿಧಾನ ವಾಲಿಸಿ. ಅಚ್ಚು ಹೊಡೆದಾಗಿನ ಮೇಲ್ಮೈ ಉಳಿದಿದ್ದರೆ ಬೆಳಕು ಗಾಡಿಚಕ್ರದ ಕಡ್ಡಿಗಳ ಹಾಗೆ ನಾಣ್ಯದ ಸುತ್ತ ತಿರುಗುತ್ತದೆ. ಇದನ್ನೇ ಲಸ್ಟರ್ ಅನ್ನುವುದು. ತಿಕ್ಕಿದ ನಾಣ್ಯದಲ್ಲಿ ಬೆಳಕು ತಿರುಗುವುದಿಲ್ಲ, ಒಂದೇ ಕಡೆ ಕನ್ನಡಿಯಂತೆ ಹೊಡೆಯುತ್ತದೆ. ಲೂಪ್ ಇಟ್ಟರೆ ಕೂದಲೆಳೆಯಂಥ ಗೀಟುಗಳು ಒಂದೇ ದಿಕ್ಕಿಗೆ ಓಡಿರುವುದು ಕಾಣುತ್ತದೆ. ನನ್ನ ಕೊಲಂಬಸ್‌ನ ಕೆನ್ನೆಯ ಮೇಲೆ ಅಮ್ಮನ ಬೆರಳು ಸುತ್ತಿದ ವೃತ್ತಗಳನ್ನು ಇವತ್ತಿಗೂ ಎಣಿಸಬಹುದು.

ಸವೆತ ಮೊದಲು ಕಾಣುವುದು ಉಬ್ಬಿದ ಜಾಗದಲ್ಲಿ. ಕೊಲಂಬಿಯನ್‌ನಲ್ಲಿ ಹುಬ್ಬು, ಕೆನ್ನೆ, ಹಿಂಬದಿಯಲ್ಲಿ ಹಡಗಿನ ಮೇಲಿನ ಹಾಯಿ. ಬೇ ಬ್ರಿಜ್‌ನಲ್ಲಿ ಕರಡಿಯ ಭುಜ. ಅಲ್ಲಿ ಬಣ್ಣ ಬೂದಿಯಾಗಿ, ಲಸ್ಟರ್ ಕಡಿದಿದ್ದರೆ ನಾಣ್ಯ ಕೈಯಿಂದ ಕೈಗೆ ಓಡಾಡಿದೆ ಅಂತ. ಆದರೆ 1926ರ ಸೆಸ್ಕ್ವಿಸೆಂಟೆನಿಯಲ್, ಅಂದರೆ ಆ ಕೂಲಿಜ್ ನಾಣ್ಯ, ಹುಟ್ಟಿದಾಗಲೇ ಸಪಾಟು. ಅಚ್ಚಿನ ಉಬ್ಬೇ ಅಷ್ಟು ಕಡಿಮೆ. ಅದು ಸವೆದಿದೆ ಎಂದು ತಳ್ಳಿಹಾಕಬೇಡಿ.

ಬಣ್ಣದ ವಿಚಾರ. ಬೆಳ್ಳಿಗೆ ಗಾಳಿಯ ಗಂಧಕ ತಾಗಿ ಆಗುವುದೇ ಟೋನಿಂಗ್. ಹಳೆಯ ಕಾಲದಲ್ಲಿ ನಾಣ್ಯಗಳನ್ನು ರಟ್ಟಿನ ಹೋಲ್ಡರಿನಲ್ಲಿ ಅಂಚೆಗೆ ಹಾಕುತ್ತಿದ್ದರು. ರಟ್ಟಿನ ಪಟ್ಟಿ ಮುಚ್ಚಿದ ಜಾಗ ಬೆಳ್ಳಗೆ, ಉಳಿದದ್ದು ಚಿನ್ನ, ತಾಮ್ರ, ನೀಲಿ. ಹೀಗೆ ತಾನಾಗಿ ಬಂದ ಬಣ್ಣ ಪದರಪದರವಾಗಿ ಕರಗಿಕೊಂಡು ಹೋಗುತ್ತದೆ. ಕಾಸಿಯೋ ರಾಸಾಯನಿಕ ಹಾಕಿಯೋ ಬರಿಸಿದ ಬಣ್ಣ ಜಾತ್ರೆಯ ಬೊಂಬೆಯ ಹಾಗೆ ಎದ್ದು ಕಾಣುತ್ತದೆ, ಗೀರುಗಳ ಮೇಲೂ ಹರಿದಿರುತ್ತದೆ. ಇದು ಓದಿ ಬರುವ ವಿದ್ಯೆಯಲ್ಲ. ಕೊಳ್ಳುವ ಮುಂಚೆ ಐವತ್ತು ನೂರು ನಾಣ್ಯಗಳನ್ನು ಬರೀ ನೋಡಿ.

ಆರನೇ ಹೆಜ್ಜೆ: ಅಸಲಿಯೋ ನಕಲಿಯೋ

0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಕೊಳ್ಳಿ, ದೊಡ್ಡ ಖರ್ಚಲ್ಲ. ತೂಕ 12.5, ಅಡ್ಡಳತೆ 30.6 ಮಿಲಿಮೀಟರ್, ಅಯಸ್ಕಾಂತಕ್ಕೆ ಅಂಟಬಾರದು. ಸವೆದ ನಾಣ್ಯವಾದರೆ ಇನ್ನೊಂದು ಪರೀಕ್ಷೆ ಮಾಡಬಹುದು. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ಹೊಲಿಗೆ ದಾರದಲ್ಲಿ ಕಟ್ಟಿ ತಳ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಸುಮಾರು 1.2 ಗ್ರಾಂ ತೋರಿಸಿದರೆ ಬೆಳ್ಳಿ ಸರಿಯಿದೆ. ತಾಮ್ರ-ನಿಕಲ್ ಆದರೆ 1.4ರ ಹತ್ತಿರ ಬರುತ್ತದೆ. ಆಮೇಲೆ ಒರೆಸಬೇಡಿ, ಬಟ್ಟೆಯ ಮೇಲಿಟ್ಟು ತಾನಾಗಿ ಆರಲು ಬಿಡಿ. ಹೊಸದರಂತಿರುವ ನಾಣ್ಯಕ್ಕೆ ಈ ದಾರದ ಆಟ ಬೇಡ.

ಪೂರ್ತಿ ನಕಲಿಗಿಂತ ಅಸಲಿಗೆ ಮಾಡಿದ ತಿದ್ದುಪಡಿ ಹೆಚ್ಚು ಅಪಾಯ. 1922ರ ಗ್ರಾಂಟ್ ಅರ್ಧ ಡಾಲರಿನಲ್ಲಿ ನಕ್ಷತ್ರ ಇರುವುದು 4,256 ಮಾತ್ರ, ಇಲ್ಲದ್ದು ಹೇರಳ. ಇಲ್ಲದ್ದರ ಮೇಲೆ ನಕ್ಷತ್ರ ಗುದ್ದಿ ಮಾರಿದವರಿದ್ದಾರೆ. ಹಾಗೆ ಗುದ್ದಿದಾಗ ಹಿಂಬದಿಯಲ್ಲಿ ಅದೇ ಜಾಗ ಚಪ್ಪಟೆಯಾಗಿರುತ್ತದೆ, ತಿರುಗಿಸಿ ನೋಡಿ. ಮಿಸ್ಸೌರಿಯ 2★4, ಅಲಬಾಮಾದ 2×2 ಗುರುತಿನವೂ ತುಟ್ಟಿ. 1928ರ ಹವಾಯಿ ಹೊಡೆದದ್ದೇ ಹತ್ತು ಸಾವಿರ, 50 ಬಗೆಗಳ ಸೆಟ್ಟಿಗೆ ಅದೇ ದೊಡ್ಡ ತೊಡಕು. ಇಂಥವನ್ನೂ ಲಾಫಯೆಟ್ ಡಾಲರನ್ನೂ ಸ್ಲ್ಯಾಬ್, ಅಂದರೆ ಗ್ರೇಡಿಂಗ್ ಸಂಸ್ಥೆ ಮುಚ್ಚಿಕೊಟ್ಟ ಪ್ಲಾಸ್ಟಿಕ್ ಕವಚ, ಇಲ್ಲದೆ ಕೊಳ್ಳಲೇಬೇಡಿ.

ಏಳನೇ ಹೆಜ್ಜೆ: ಸ್ಲ್ಯಾಬ್ ಓದುವುದು

ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, 70ರ ಮಾಪಕದಲ್ಲಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತವೆ. 60 ಮತ್ತು ಮೇಲಿನದು ಚಲಾವಣೆ ಕಾಣದ್ದು. ಕವಚದ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಫೋಟೊ ಇದ್ದರೆ ನಾಣ್ಯದ ಜೊತೆ ಹೋಲಿಸಿ. ಕವಚಗಳನ್ನೂ ನಕಲು ಮಾಡುವ ಕಾಲ ಇದು.

ನನ್ನ ಮಟ್ಟಿಗೆ ಎಂಎಸ್ (ಮಿಂಟ್ ಸ್ಟೇಟ್, ಅಂದರೆ ಚಲಾವಣೆ ಕಾಣದ್ದು) 63ರಿಂದ 65ರ ನಡುವೆ ನಿಲ್ಲುವುದು ಜಾಣತನ. ಅದರ ಮೇಲೆ ಒಂದೊಂದು ಅಂಕಕ್ಕೂ ಬೆಲೆ ಜಿಗಿಯುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದು ಕಷ್ಟ. ಒಂದೇ ಅಂಕದ ಎರಡು ನಾಣ್ಯ ಇದ್ದರೆ ಚಂದದ್ದನ್ನು ಆರಿಸಿ, ಹತ್ತಿಪ್ಪತ್ತು ಡಾಲರು ಹೆಚ್ಚಾದರೂ ಸರಿ.

ಎಂಟನೇ ಹೆಜ್ಜೆ: ಕೊಳ್ಳುವ ಜಾಗ

ಕಾಯಿನ್ ಶೋಗೆ ಹೋಗಿ. ವಾರಾಂತ್ಯಗಳಲ್ಲಿ ಹೋಟೆಲ್ ಹಾಲುಗಳಲ್ಲಿ, ಮೇಳದ ಮೈದಾನಗಳಲ್ಲಿ ನಡೆಯುತ್ತವೆ. ಕೈಯಲ್ಲಿ ಹಿಡಿದು ನೋಡಲು ಇದಕ್ಕಿಂತ ಒಳ್ಳೆ ಜಾಗವಿಲ್ಲ. ಹೋಲ್ಡರಿನಿಂದ ತೆಗೆಯುವ ಮುನ್ನ ಕೇಳಿ. ಬೆಲೆ ಚೌಕಾಸಿ ಮಾಡಬಹುದು, ಆದರೆ ಕೆ.ಆರ್. ಮಾರ್ಕೆಟ್ಟಿನ ಹಾಗೆ ಅರ್ಧಕ್ಕೆ ಕೇಳಿದರೆ ಆ ಮೇಜಿನ ಬಾಗಿಲು ಅಲ್ಲಿಗೆ ಮುಚ್ಚಿತು. "ಇದಕ್ಕೆ ನಿಮ್ಮ ಕೊನೆ ಬೆಲೆ ಎಷ್ಟು" ಅಂತ ಒಮ್ಮೆ ಕೇಳಿ, ಒಪ್ಪಿದರೆ ತಗೊಳ್ಳಿ, ಇಲ್ಲದಿದ್ದರೆ ಥ್ಯಾಂಕ್ಸ್ ಹೇಳಿ ಮುಂದಕ್ಕೆ ಹೋಗಿ.

ಇಬೇಯಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ವಾಪಸ್ ತೆಗೆದುಕೊಳ್ಳದವರಿಂದ ಕೊಳ್ಳಬೇಡಿ. ದೊಡ್ಡ ಹರಾಜು ಸಂಸ್ಥೆಗಳಲ್ಲಿ ನಿಮ್ಮ ಕೂಗಿನ ಮೇಲೆ ಶೇಕಡಾ 20ರ ಆಸುಪಾಸು ಕಮಿಷನ್ ಸೇರುತ್ತದೆ, ಕೂಗುವ ಮುಂಚೆಯೇ ಅದನ್ನು ಕಳೆದು ಲೆಕ್ಕ ಹಾಕಿ.

ಒಂಬತ್ತನೇ ಹೆಜ್ಜೆ: ಇಡುವುದು

ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲ ಬೇಡ, ಕೆಲ ವರ್ಷಗಳಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ಆಗಲೇ ಬಿಟ್ಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ, ಗಾಜಿನ ಬಟ್ಟಲಲ್ಲಿ, ಕಿಟಕಿ ತೆರೆದು, ಒಲೆಯಿಂದ ದೂರ ಕೂತು ಅದ್ದಿ ತೆಗೆಯಿರಿ. ನೇಲ್ ಪಾಲಿಶ್ ರಿಮೂವರ್ ನಡೆಯದು, ಅದರಲ್ಲಿ ಬೇರೆ ಏನೇನೋ ಬೆರೆಸಿರುತ್ತಾರೆ. ಅದ್ದಬಹುದು, ಉಜ್ಜುವಂತಿಲ್ಲ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿದೆ, ಹತ್ತಿರ ಸುಳಿಸಬೇಡಿ. ಗಟ್ಟಿ ಪ್ಲಾಸ್ಟಿಕ್ಕಿನ ಗಾಳಿಯಾಡದ ಕ್ಯಾಪ್ಸೂಲು, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಸಾಕು. ಮಂಗಳೂರು, ಉಡುಪಿ ಕಡೆಗೆ ಒಯ್ಯುವವರು ಪೊಟ್ಟಣವನ್ನು ಮಳೆಗಾಲದಲ್ಲಿ ಆಗಾಗ ಬದಲಿಸಬೇಕು.

ಒಂದು ಪುಸ್ತಕದಲ್ಲಿ ಕೊಂಡ ತಾರೀಕು, ಬೆಲೆ, ಸ್ಲ್ಯಾಬ್ ಸಂಖ್ಯೆ ಬರೆದಿಡಿ. ಅಮೆರಿಕದಲ್ಲಿ ನಾಣ್ಯ ಮಾರಿದ ಲಾಭಕ್ಕೆ ಸಂಗ್ರಹವಸ್ತುವಿನ ತೆರಿಗೆ ಬೀಳುತ್ತದೆ, ದೀರ್ಘಾವಧಿಯದಾದರೆ ಗರಿಷ್ಠ ಶೇಕಡಾ 28. ರಸೀದಿ ಇಲ್ಲದಿದ್ದರೆ ಲಾಭ ಎಷ್ಟೆಂದು ನೀವೇ ಸಾಬೀತು ಮಾಡಲಾರಿರಿ. ನನ್ನ ಪುಸ್ತಕ ಕನ್ನಡದಲ್ಲಿದೆ. ನಾನಿಲ್ಲದಾಗ ಹೆಂಡತಿ ಓದಿ ಅರ್ಥ ಮಾಡಿಕೊಳ್ಳಲಿ ಅಂತ ಪ್ರತಿ ನಾಣ್ಯದ ಪಕ್ಕದಲ್ಲಿ "ಇದನ್ನು ಇಷ್ಟಕ್ಕಿಂತ ಕಡಿಮೆಗೆ ಕೊಡಬೇಡ" ಎಂದು ಬರೆದಿದ್ದೇನೆ.

ಊರಿಗೆ ಒಯ್ಯುವ ಮುಂಚೆ

ಅಪ್ಪನಿಗೆ ತೋರಿಸೋಣ ಎಂದು ಸೂಟ್‌ಕೇಸಿನಲ್ಲಿ ಹಾಕಿಕೊಳ್ಳುವ ಮುಂಚೆ ಒಂದು ಮಾತು. ಭಾರತದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಯಾವುದೇ ನಾಣ್ಯ ಪುರಾವಸ್ತು. ಅದನ್ನು ದೇಶದಿಂದ ಹೊರಗೆ ಒಯ್ಯುವ ಹಕ್ಕು ಖಾಸಗಿಯವರಿಗಿಲ್ಲ. ಕೊಲಂಬಿಯನ್ ಆ ಗಡಿಯನ್ನು ಎಂದೋ ದಾಟಿದೆ, ಪನಾಮಾ-ಪೆಸಿಫಿಕ್ಕೂ ದಾಟಿದೆ, 1925ರ ಕ್ಯಾಲಿಫೋರ್ನಿಯಾವೂ ನೂರು ಮುಟ್ಟಿತು. ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಇದು ನನ್ನದೇ, ಅಮೆರಿಕದಿಂದಲೇ ತಂದದ್ದು ಎಂದು ವಾದ ಮಾಡುತ್ತಾ ನಿಲ್ಲುವುದು ಯಾರಿಗೆ ಬೇಕು? ಫೋಟೊ ತೆಗೆದುಕೊಂಡು ಹೋಗಿ. ನಾನು ಒಯ್ದದ್ದು ಒಂದೇ ನಾಣ್ಯ, ಅಮ್ಮ ತಿಕ್ಕಿದ್ದು. ಅದು ಅಲ್ಲೇ ದೇವರಮನೆಯಲ್ಲಿದೆ, ಪ್ರತಿ ಶ್ರಾವಣದಲ್ಲೂ ವಿಭೂತಿ ಕಾಣುತ್ತದೆ, ಕೊಲಂಬಸ್‌ನ ಮೂಗು ಈಗ ಪೂರ್ತಿ ಮಾಯ.